ಐದು ದಿನ ಕಟ್ಟಿದ ಹೊಟ್ಟೆಗೆ ಪ್ರಥಮ ಬಹುಮಾನ

ನಮ್ಮ ಭಾಗದ ಬ್ಲಾಕ್ ಅಭಿವೃದ್ಧಿ ಅಧಿಕಾರಿಗಳ ಗಮನಕ್ಕೆ, ಈ ಪತ್ರಿಕೆಯ ಮೂಲಕ.

ಮಾನ್ಯರೇ,

ಕಳೆದ ನವೆಂಬರ್ ಹದಿನಾಲ್ಕರಂದು ತಾವು ಆಲಂಕಾರಿನಲ್ಲಿ ನಡೆಸಿದ ಶಿಶು ಪ್ರದರ್ಶನದಲ್ಲಿ, ಒಂದರಿಂದ ಮೂರು ವರ್ಷದ ಮಕ್ಕಳ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆದ ಕುಂಞಿಪಾತುಮ್ಮ ಎಂಬ ಎರಡು ವರ್ಷ ಎರಡು ತಿಂಗಳಿನ ಮಗು ನನ್ನ ಮಗಳ ಮಗಳು. ತಾವು ಅವಳ ಕೊರಳಿಗೆ ಪದಕ ಹಾಕಿದ ಹೊತ್ತಿಗೆ ಅವಳಿಗೆ ಐದು ದಿನದಿಂದ ಮಲವಿಸರ್ಜನೆ ಆಗಿರಲಿಲ್ಲ. ತಾವು ತೂಗಿದ್ದು ಅದನ್ನೂ ಸೇರಿಸಿ. ಈಗ ಅದೇ ಮಗುವನ್ನು ಜನವರಿ ಇಪ್ಪತ್ತಾರರ ಜಿಲ್ಲಾ ಪ್ರದರ್ಶನಕ್ಕೆ ಮಂಗಳೂರಿಗೆ ಕಳುಹಿಸತಕ್ಕದ್ದೆಂದೂ, ಅಲ್ಲಿಯವರೆಗೆ ತಮ್ಮ ‘ಮಾದರಿ ಶಿಶು ಆಹಾರ ಪಟ್ಟಿ’ಯ ಪ್ರಕಾರವೇ ಉಣಿಸಿ ತೂಕ ಇಳಿಯದಂತೆ ನೋಡಿಕೊಳ್ಳತಕ್ಕದ್ದೆಂದೂ ಆಜ್ಞೆ ಕಳುಹಿಸಿದ್ದೀರಿ. ಅವಳ ಹೆಸರನ್ನು ಹೊಡೆದುಹಾಕಿ ಎಂದು ಕೇಳಲು ನಾನು ತಮ್ಮ ಕಚೇರಿಗೆ ಎರಡು ಸಲ ಬಂದೆ. ಮೊದಲ ಸಲ ತಾವು ಜೀಪಿನಲ್ಲಿದ್ದಿರಿ. ಎರಡನೆಯ ಸಲ ಕುರ್ಚಿಯಲ್ಲಿದ್ದಿರಿ. ಆದರೆ ಮಗುವಿನ ಹೊಟ್ಟೆಯ ಸಂಗತಿ ಕಚೇರಿಯಲ್ಲಿ ಆಡುವ ಮಾತಲ್ಲವೆಂದು ಹೇಳಿ ಕಳುಹಿಸಿದಿರಿ. ಕಚೇರಿಯಲ್ಲಿ ಆಡಬಾರದ ಮಾತನ್ನು ಬೀದಿಯಲ್ಲಿ ಆಡಬಹುದಲ್ಲ? ಆದ್ದರಿಂದ ಇಲ್ಲಿ ಆಡುತ್ತಿದ್ದೇನೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ, ತಾವು ವಿಚಾರಿಸುವ ಶ್ರಮ ತಪ್ಪಲಿ. ನಾನು ಡಾಕ್ಟರನಲ್ಲ, ಪದವೀಧರನಲ್ಲ. ಮೂರನೇ ತರಗತಿಯಲ್ಲಿ ಶಾಲೆ ನನ್ನನ್ನು ಬಿಟ್ಟಿತು; ಮುಂದಿನ ಪಾಠವನ್ನೆಲ್ಲ ಹೇಳಿಕೊಟ್ಟದ್ದು ತಕ್ಕಡಿಯ ಮುಳ್ಳು. ಕರಿಮೆಣಸಿನ ಮೂಟೆಯನ್ನು ತಲೆಯ ಮೇಲೆ ಹೊತ್ತು ಶುರುಮಾಡಿದವನು, ಇಪ್ಪತ್ತೆಂಟು ವರ್ಷದಿಂದ ಆಲಂಕಾರು, ಕಡಬ, ಸುಳ್ಯದ ಬದಿಯ ಮೆಣಸು ತೂಗುತ್ತಿದ್ದೇನೆ. ನಮ್ಮ ಕಸುಬಿನಲ್ಲಿ ತೂಗುವುದು ಕೆಲಸವೇ ಅಲ್ಲ, ಕಳೆಯುವುದು ಕೆಲಸ. ಗೋಣಿಯ ತೂಕ ಕಳೆಯಬೇಕು, ತೊಟ್ಟು ಕಳೆಯಬೇಕು, ಮಣ್ಣು ಕಳೆಯಬೇಕು. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಒಳಗಿನ ನೀರು ಕಳೆಯಬೇಕು. ಒಣಗದ ಮೆಣಸಿಗೆ ತೂಕ ಹೆಚ್ಚು, ಸರ್. ತೂಕ ಹೆಚ್ಚಿದೆಯೆಂದು ಅದನ್ನೇ ಉತ್ತಮ ಮಾಲು ಎಂದು ಹೊಗಳುವವನನ್ನು ನಮ್ಮ ಪೇಟೆಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಈ ಪತ್ರಿಕೆಯವರು ಅಚ್ಚು ಹಾಕಲಾರರು.

ತಮ್ಮ ಪಟ್ಟಿ ನಮ್ಮ ಮನೆಗೆ ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ತಂದವಳು ಗ್ರಾಮಸೇವಿಕೆ ವಾಸಂತಿ. ಒಳ್ಳೆಯ ಹುಡುಗಿ, ಬಿಸಿಲಲ್ಲಿ ಮನೆಮನೆ ತಿರುಗುವವಳು, ಅವಳ ಮೇಲೆ ನನ್ನ ದೂರಿಲ್ಲ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಪರದೇಶದಿಂದ ಬಂದ ಹಾಲಿನ ಪುಡಿಯ ಡಬ್ಬ. ಪಟ್ಟಿಯನ್ನು ಓದಿ ಹೇಳಿದಳು. ಬೆಳಿಗ್ಗೆ ಎದ್ದೊಡನೆ ಒಂದು ಗ್ಲಾಸು ಹಾಲು. ಒಂಬತ್ತಕ್ಕೆ ಬಿಸ್ಕೇಟು, ಹಾಲು. ಮಧ್ಯಾಹ್ನ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನಕ್ಕೆ ಸಕ್ಕರೆ, ಹಾಲು. ಮೂರಕ್ಕೆ ಹಾಲು. ಸಂಜೆ ಬ್ರೆಡ್ಡು, ಹಾಲು. ಮಲಗುವ ಮುಂಚೆ, ಮರೆತುಹೋದರೆ ಎಂದು, ಇನ್ನೊಮ್ಮೆ ಹಾಲು. ಕೆಳಗೆ ದಪ್ಪ ಅಕ್ಷರದಲ್ಲಿ: ‘ಸೊಪ್ಪು, ಹಣ್ಣು, ಕಾಳು ಮೊದಲಾದ ಭೇದಿಕಾರಕ ಪದಾರ್ಥಗಳನ್ನು ವರ್ಜಿಸತಕ್ಕದ್ದು.’ ಆರು ಗ್ಲಾಸು ಹಾಲು! ನಮ್ಮ ಹಟ್ಟಿಯಲ್ಲಿ ಕರುವಿಗೂ ನಾವು ಅಷ್ಟು ಬಿಡುವುದಿಲ್ಲ. ಕರುವಾದರೂ ನಡುವೆ ಒಂದಿಷ್ಟು ಹುಲ್ಲು ಕಚ್ಚುತ್ತದೆ.

ಅದುವರೆಗೆ ಪಾತು, ಅಂದರೆ ನಮ್ಮ ಕುಂಞಿಪಾತುಮ್ಮ, ಏನು ತಿನ್ನುತ್ತಿದ್ದಳೆಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕುಚ್ಚಲಕ್ಕಿ ಗಂಜಿ, ಅದಕ್ಕೆ ಬೇಯಿಸಿ ಮಸೆದ ಹೆಸರುಕಾಳು, ಬಸಳೆಯೋ ಹರಿವೆಯೋ ಅಂದಿನ ಸೊಪ್ಪು, ಮೀನಿನ ಸಾರಿನಲ್ಲಿ ಅದ್ದಿದ ರೊಟ್ಟಿಯ ಚೂರು, ಹಿತ್ತಿಲಿನ ಪಪ್ಪಾಯಿ, ಕದಳಿ ಬಾಳೆಹಣ್ಣು. ದಿನ ಬೆಳಗಾದರೆ ಗಂಜಿ ಕುಡಿದು ಹಿತ್ತಿಲಿಗೆ ಹೋಗಿ ಕೂತು ಎದ್ದು ಬಂದು ಆಟಕ್ಕಿಳಿಯುವುದು. ಈ ವ್ಯವಹಾರದಲ್ಲಿ ಸರ್ಕಾರದ ಪಾತ್ರ ಏನೂ ಇರಲಿಲ್ಲ. ಅದೇ ತಪ್ಪಾಯಿತೋ ಏನೋ. ನನ್ನ ಹೆಂಡತಿ ಅಲೀಮಮ್ಮ ಪಟ್ಟಿಯನ್ನು ಕೇಳಿಸಿಕೊಂಡು ವಾಸಂತಿಯನ್ನು ಕೇಳಿದಳು: “ಅಲ್ಲ ಮಗಳೇ, ಇಷ್ಟು ಹಾಲು ಕುಡಿದರೆ ಮಗು ಗಂಜಿ ಉಣ್ಣುದು ಯಾವಾಗ? ಹೊಟ್ಟೆ ಒಂದೇ ಅಲ್ಲವಾ ಇರುದು?”

“ನಾನು ಎಂತ ಮಾಡುದು ಉಮ್ಮ? ಮೇಲಿನಿಂದ ಬಂದದ್ದು,” ಎಂದಳು ವಾಸಂತಿ. “ಮಾರ್ಚ್ ಒಳಗೆ ಇಷ್ಟು ಡಬ್ಬ ಖಾಲಿ ಆಗ್ಬೇಕು ಅಂತ ಉಂಟು.”

ನಿಜಸ್ಥಿತಿ ಇಷ್ಟೇ, ಮಾನ್ಯರೇ. ತಮ್ಮ ಗೋದಾಮು ಖಾಲಿಯಾಗಲು ನಮ್ಮ ಮಕ್ಕಳ ಹೊಟ್ಟೆ ತುಂಬಬೇಕು. ತಮ್ಮ ಗೋದಾಮಿಗಾದರೆ ಎರಡು ಬಾಗಿಲು ಉಂಟು, ನಮ್ಮ ಮಕ್ಕಳ ಎರಡನೇ ಬಾಗಿಲು ಮುಚ್ಚಿಹೋದರೆ ಯಾರು ಕೇಳಬೇಕು?

ಆದರೂ ನನ್ನ ಮಗಳು ಜೈನಬ ಪಟ್ಟಿಯನ್ನು ಗೋಡೆಗೆ ಅಂಟಿಸಿದಳು. ಅಂಟಿಸದೆ ಏನು ಮಾಡುತ್ತಾಳೆ? ಅವಳ ಗಂಡ ಕಲಂದರ್ ಇಲ್ಲಿಯದೇ ಶಾಲೆಯ ಮಾಸ್ತರ; ಅವರ ಮನೆ ನಮ್ಮ ಮನೆಗೆ ತಾಗಿಕೊಂಡೇ ಉಂಟು. ‘ಸರ್ಕಾರಿ ನೌಕರರ ಮನೆಗಳು ಮಾದರಿಯಾಗಿರತಕ್ಕದ್ದು’ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ಅಳಿಯ ಬಹಳ ಸಾಧು; ಸುತ್ತೋಲೆಯನ್ನು ಕಂಡರೆ ಎದ್ದು ನಿಲ್ಲುವ ಜಾತಿ. ಹಾಗೆ ಬಿಸ್ಕೇಟು ಬಂತು, ಬ್ರೆಡ್ಡು ಬಂತು, ಮದುವೆ ಊಟದ ಬೆಳ್ತಿಗೆ ಅನ್ನ ನಿತ್ಯದ್ದಾಯಿತು. ಪುಡಿ ಅಳೆಯಲು ಡಬ್ಬದೊಳಗೆ ಒಂದು ಸಣ್ಣ ಚಮಚ ಇತ್ತು. ಮಗುವಿಗೆ ಕೊಡುವುದರಲ್ಲಿ ಚಮಚದ ಲೆಕ್ಕ ಹಿಡಿಯುವುದು ನಮ್ಮಲ್ಲಿ ಅವಮಾನ. ಕೈತುಂಬ ಹಾಕಿ ಕಲಸಿದರು. ಹಾಲು ಹೋಳಿಗೆಯ ಹೂರಣದಷ್ಟು ಗಟ್ಟಿಯಾಯಿತು. ಪಾತು ಗುಂಡಗಾದಳು. ನೋಡಿದವರೆಲ್ಲ ಕೆನ್ನೆ ಹಿಂಡಿದರು. ಅವಳು ಹಿತ್ತಿಲಿಗೆ ಹೋಗುವುದು ಎರಡು ದಿನಕ್ಕೊಮ್ಮೆ ಆಯಿತು, ಮೂರು ದಿನಕ್ಕೊಮ್ಮೆ ಆಯಿತು. ಅದನ್ನು ಯಾರು ನೋಡುತ್ತಾರೆ? ಕೆನ್ನೆ ಇರುವುದು ಮುಂದುಗಡೆ.

ಇಲ್ಲಿಯವರೆಗೆ ತಮ್ಮನ್ನು ಬೈದದ್ದಾಯಿತು. ನನ್ನ ಪಾಲಿನದನ್ನು ಮುಚ್ಚಿಟ್ಟರೆ ನ್ಯಾಯವಲ್ಲ. ಪ್ರದರ್ಶನದ ಹಿಂದಿನ ದಿನ ಅಲೀಮಮ್ಮ ನನ್ನ ಅಂಗಡಿಯ ಹಿಂಬಾಗಿಲಲ್ಲಿ ಬಂದು ನಿಂತಳು.

“ಮಗುವಿಗೆ ಇವತ್ತಿಗೆ ನಾಲ್ಕು ದಿನ ಆಯಿತು. ಹೊಟ್ಟೆ ಮುಟ್ಟಿದರೆ ಕಲ್ಲು. ಒಣದ್ರಾಕ್ಷಿ ನೆನೆಹಾಕಿದ್ದೇನೆ, ಆ ನೀರು ಕೊಡ್ತೇನೆ.”

“ಈಗ ಬೇಡ. ನಾಳೆ ತೂಗುದು ಉಂಟು. ಇಳಿದುಹೋಗ್ತದೆ. ಒಂದು ದಿನ ತಡಿ.”

ಅವಳು ನನ್ನ ಮುಖ ನೋಡಿದಳು. “ನಿಮಗೆ ಮಗುವೂ ಒಂದೇ, ಮೆಣಸೂ ಒಂದೇ,” ಎಂದು ಹೇಳಿ ಹೋದಳು.

ಮಾರುವ ಹಿಂದಿನ ದಿನ ಮೆಣಸಿಗೆ ನೀರು ಚಿಮುಕಿಸಿ ತರುವವರನ್ನು ಇಪ್ಪತ್ತೆಂಟು ವರ್ಷ ಪೇಟೆಯ ನಡುವೆ ನಿಲ್ಲಿಸಿ ಬೈದವನು ನಾನು. ನನ್ನ ಮನೆಯಲ್ಲಿ, ನನ್ನ ಮೊಮ್ಮಗಳ ಮೇಲೆ, ಅದೇ ಕೆಲಸ ಮಾಡಿದೆ. ತಮ್ಮದು ಅಜ್ಞಾನವಾದರೆ ಕ್ಷಮೆಗೆ ದಾರಿ ಉಂಟು. ನನ್ನದು ತಿಳಿದೂ ಮಾಡಿದ್ದು. ಆ ದ್ರಾಕ್ಷಿಯ ನೀರನ್ನು ನಾನು ಅಂದು ತಡೆಯದೆ ಇದ್ದಿದ್ದರೆ ಈ ಪತ್ರವೂ ಬೇಕಾಗುತ್ತಿರಲಿಲ್ಲ, ಆ ಪದಕವೂ ಬರುತ್ತಿರಲಿಲ್ಲ.

ಪ್ರದರ್ಶನ ಹೇಗೆ ನಡೆಯಿತೆಂದು ತಮಗೆ ನೆನಪಿರಲಾರದು; ತಾವು ಹೆಚ್ಚು ಹೊತ್ತು ಭಾಷಣದಲ್ಲಿದ್ದಿರಿ. ಶಾಲೆಯ ಜಗಲಿಯಲ್ಲಿ ಗೋದಾಮಿನ ತಕ್ಕಡಿ ತಂದು ನೇತುಹಾಕಿದ್ದರು. ಒಂದು ತಟ್ಟೆಗೆ ಹೊಸ ಕಿಲೋ ಬಟ್ಟುಗಳು, ಇನ್ನೊಂದರಲ್ಲಿ ಬುಟ್ಟಿ, ಬುಟ್ಟಿಯೊಳಗೆ ಮಗು. ನಮಗಿಂತ ಮುಂದೆ ಸರದಿಯಲ್ಲಿದ್ದವಳು ನೆಲ್ಯಾಡಿ ಬದಿಯಿಂದ ಬಂದ ಕುಂಜಮ್ಮ. ಗುಡ್ಡ ಕಡಿದು ಮರಗೆಣಸು ನೆಟ್ಟು ಬದುಕುವ ಮತ್ತಾಯಿಯ ಹೆಂಡತಿ. ಅವಳ ಮಗ ಪತ್ರೋಸ್, ಎರಡು ವರ್ಷದವನು, ಕಬ್ಬಿಣದ ಗುಂಡಿನಂಥ ಹುಡುಗ. ತಮ್ಮ ಪಟ್ಟಿ ಅವರ ಗುಡ್ಡದ ತನಕ ಹತ್ತಿರಲಿಲ್ಲ. ಅವನನ್ನು ಬುಟ್ಟಿಗೆ ಹಾಕಬೇಕು ಎನ್ನುವಷ್ಟರಲ್ಲಿ ಹುಡುಗ ಅಲ್ಲಿಯೇ, ತಮಗೆ ಹಾಸಿದ್ದ ಜಮಖಾನದ ಅಂಚಿನಲ್ಲಿ, ಕುಕ್ಕರಗಾಲಿನಲ್ಲಿ ಕೂತ. ಕೂತವನು ತನ್ನ ಕೆಲಸವನ್ನು ಯಾರ ಹಂಗೂ ಇಲ್ಲದೆ ಮುಗಿಸಿದ. ಜನ ನಕ್ಕರು. ಕುಂಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಅಯ್ಯೋ, ಎಂತ ಮಾಡುದು ಸಾರೇ, ಬೆಳಿಗ್ಗೆ ಕಂಜಿ ಕುಡಿದದ್ದು, ಅವನಿಗೆ ಗಂಟೆ ಹೊಡೆದ ಹಾಗೆ,” ಎಂದಳು.

ತಾವು ಕರವಸ್ತ್ರ ಮೂಗಿಗೆ ಹಿಡಿದು, “ಇಂಥ ಮಗುವನ್ನು ಪ್ರದರ್ಶನಕ್ಕೆ ತರುವುದೇ?” ಎಂದು ಕೇಳಿದಿರಿ. ಶುಚಿತ್ವದಲ್ಲಿ ಐದು ಅಂಕ ಕಳೆದಿರಿ. ಆಮೇಲೆ ತೂಗಿದಿರಿ. ನಮ್ಮ ಪಾತುವಿಗಿಂತ ನೂರೈವತ್ತು ಗ್ರಾಮು ಕಡಿಮೆ. ಮಾನ್ಯರೇ, ಎಷ್ಟು ಸಲ ಲೆಕ್ಕ ಹಾಕಿದರೂ ನನಗೆ ಬರುವುದು ಒಂದೇ ಉತ್ತರ: ಪತ್ರೋಸ್ ಕಾಲುಗಂಟೆ ಬಿಗಿಹಿಡಿದಿದ್ದರೆ ಪ್ರಥಮ ಬಹುಮಾನ ಅವನದು. ಅಂದು ಆ ಜಗಲಿಯಲ್ಲಿ ಮಕ್ಕಳಿಂದ ಹಿಡಿದು ಅಧಿಕಾರಿಗಳವರೆಗೆ ಆರೋಗ್ಯವನ್ನು ನಿಜವಾಗಿ ಪ್ರದರ್ಶಿಸಿದವನು ಅವನೊಬ್ಬನೇ. ಅವನಿಗೆ ಸಿಕ್ಕಿದ್ದು ದಂಡ.

ಪಾತುವಿನ ಹೊಟ್ಟೆಯನ್ನು ತಾವು ಬೆರಳಿನಿಂದ ತಟ್ಟಿ ನೋಡಿದಿರಿ. “ನೋಡಿ, ಎಷ್ಟು ಗಟ್ಟಿಮುಟ್ಟಾಗಿದೆ!” ಎಂದು ಸಭೆಗೆ ಹೇಳಿದಿರಿ. ಮಗು ಕಿರುಚಿಕೊಂಡಳು. “ಕಂಠವೂ ಬಲವಾಗಿದೆ,” ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಹೊಟ್ಟೆ ಕಟ್ಟಿದ ಎಂಟನೇ ದಿನ ಬೆಳಿಗ್ಗೆ ಅವಳಿಗೆ ಆಯಿತು. ಆಯಿತು ಎಂದು ಮೂರಕ್ಷರದಲ್ಲಿ ಬರೆಯುವುದು ಸುಲಭ. ಎರಡು ವರ್ಷದ ಮಗು ಅಜ್ಜಿಯ ಕತ್ತು ತಬ್ಬಿಕೊಂಡು ಮುಕ್ಕಾಲು ಗಂಟೆ ಕೂಗಿದ್ದನ್ನು ನಾನು ಅಂಗಡಿಯಿಂದ ಕೇಳಿದೆ, ಅಂಗಡಿಗೂ ಮನೆಗೂ ನಡುವೆ ಒಂದು ತೋಟ ಉಂಟು. ಬಟ್ಟೆಯಲ್ಲಿ ರಕ್ತ ಇತ್ತು. ಅದರ ನಂತರ ಪಾತು ಬೇರೆ ಮಗುವಾದಳು. ಬರುವ ಸೂಚನೆ ಸಿಕ್ಕಿದೊಡನೆ ಬಾಗಿಲ ಸಂದಿಗೆ ಹೋಗಿ ನಿಲ್ಲುವುದು, ಕಾಲು ಕತ್ತರಿ ಹಾಕಿ ಬೆರಳ ತುದಿಯಲ್ಲಿ ನಿಂತು ಮುಖ ಕೆಂಪು ಮಾಡುವುದು. ಮುಕ್ಕುತ್ತಾಳೆ, ತಿಣುಕುತ್ತಾಳೆ ಪಾಪ ಎಂದು ನಾವು ತಿಳಿದೆವು. ನೆರೆಯವರು ಹೇಳಿದರೆಂದು ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಹಿಂಬದಿಗೆ ಇಟ್ಟದ್ದೂ ಆಯಿತು. ಅದು ಒಂದು ಸಲ ಕೆಲಸ ಮಾಡಿತು. ಆಮೇಲೆ ಮನೆಯಲ್ಲಿ ಯಾರಾದರೂ ಎಲೆ ಹಾಕಲು ತಟ್ಟೆ ತೆಗೆದರೂ ಮಗು ಮಂಚದಡಿಗೆ ಓಡುತ್ತಿದ್ದಳು.

ಪುತ್ತೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದೆವು, ಡಾಕ್ಟರ್ ಮಹಾಗಣಪತಿಯವರಲ್ಲಿಗೆ. ಹೊಟ್ಟೆ ಮುಟ್ಟಿ ನೋಡಿದರು. ತಾವು ತಟ್ಟಿದಂತೆ ಅಲ್ಲ, ಮೆಲ್ಲ.

“ಹಾಲು ಎಷ್ಟು ಕೊಡುದು?” ಎಂದರು.

“ಆರು ಗ್ಲಾಸು,” ಎಂದಳು ಜೈನಬ.

“ಮಗುವಿಗಾ, ಇಡೀ ಮನೆಗಾ?”

“ಮಗುವಿಗೇ.”

“ನೀರು?”

“ಹಾಲಿನಲ್ಲಿ ನೀರು ಉಂಟಲ್ಲಾ ಡಾಕ್ಟ್ರೆ.”

“ಸೊಪ್ಪು, ಹಣ್ಣು ಎಂತಾದರೂ?”

“ಪಟ್ಟಿಯಲ್ಲಿ ಕೊಡಬಾರದು ಅಂತ ಉಂಟು.”

“ಯಾವ ಪಟ್ಟಿ?” ನಾನು ಮಡಚಿಟ್ಟುಕೊಂಡಿದ್ದನ್ನು ಕೊಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನು ಬರೆದವರಿಗೆ ಒಂದು ವಾರ ಇದನ್ನೇ ತಿನ್ನಲಿಕ್ಕೆ ಕೊಡಿ ಮಾರಾಯ್ರೆ. ಎಂಟನೇ ದಿನ ಅವರೇ ಇಲ್ಲಿಗೆ ಬರ್ತಾರೆ, ಜೀಪಿನಲ್ಲಿ ಕೂರ್ಲಿಕ್ಕೆ ಆಗದೆ ನಿಂತುಕೊಂಡು.”

ಆಮೇಲೆ ಅವರು ಹೇಳಿದ್ದನ್ನು ತಮ್ಮ ಉಪಯೋಗಕ್ಕೆಂದು ಬರೆಯುತ್ತೇನೆ. ಹಾಲು ಕೆಟ್ಟದ್ದಲ್ಲ, ಆದರೆ ಹಾಲೇ ಹೊಟ್ಟೆ ತುಂಬಿದರೆ ಮಗು ಬೇರೆ ಏನನ್ನೂ ಮುಟ್ಟುವುದಿಲ್ಲ. ಸೊಪ್ಪಿನಲ್ಲಿ, ಹಣ್ಣಿನಲ್ಲಿ, ಕಾಳಿನಲ್ಲಿ, ತೌಡು ಹೋಗದ ಅಕ್ಕಿಯಲ್ಲಿ ಇರುವ ನಾರು ಮಲವನ್ನು ಮೆದುವಾಗಿ ಇಡುತ್ತದೆ, ಅದಕ್ಕೆ ನೀರು ಜೊತೆಯಾಗಬೇಕು. ಬೆಳ್ತಿಗೆ ಅನ್ನ, ಬಿಸ್ಕೇಟು, ಬ್ರೆಡ್ಡು ಇವುಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿಯಾದದ್ದು ಹೊರಬರುವಾಗ ನೋಯುತ್ತದೆ, ಸೀಳುತ್ತದೆ. ಒಮ್ಮೆ ನೊಂದ ಮಗು ಮತ್ತೊಮ್ಮೆ ಬಿಡುವುದಿಲ್ಲ. “ಅವಳು ಬಾಗಿಲ ಸಂದಿಯಲ್ಲಿ ಮುಕ್ಕುದಲ್ಲ, ತಡೆಯುದು,” ಎಂದರು ಡಾಕ್ಟರು. “ತಡೆದಷ್ಟು ಗಟ್ಟಿ, ಗಟ್ಟಿಯಾದಷ್ಟು ನೋವು, ನೋವಾದಷ್ಟು ತಡೆಯುದು. ಬೈಬೇಡಿ. ತೊಟ್ಟು, ಸಾಬೂನು ಎಂತ ಹಾಕ್ಬೇಡಿ. ಮೆದು ಮಾಡಲಿಕ್ಕೆ ಸ್ವಲ್ಪ ದಿನ ಮದ್ದು ಕೊಡ್ತೇನೆ. ಉಳಿದ ಮದ್ದು ನಿಮ್ಮ ಹಿತ್ತಿಲಿನಲ್ಲಿ ಉಂಟು.”

ಹಾಲು ಸಣ್ಣ ಗ್ಲಾಸಿನಲ್ಲಿ ಎರಡು ಸಲ. ಗಂಜಿ ಹಿಂದಿನಂತೆ. ಉಂಡ ಮೇಲೆ ಐದು ನಿಮಿಷ ಕೂರಿಸುವುದು, ಕಾಲು ತೂಗಾಡದಂತೆ ಪಾದದಡಿ ಮಣೆ, ಆದರೆ ಆಯಿತು, ಆಗದಿದ್ದರೆ ಎಬ್ಬಿಸುವುದು, ಒತ್ತಾಯ ಇಲ್ಲ.

ಬಸ್ಸು ಇಳಿಯುವಾಗ ಅಲೀಮಮ್ಮ ನನಗೆ ಕೇಳುವಷ್ಟೇ ಮೆಲ್ಲಗೆ, “ಇದನ್ನು ಕೇಳಲಿಕ್ಕೆ ಪುತ್ತೂರಿಗೆ ಹೋಗ್ಬೇಕಿತ್ತಾ?” ಎಂದಳು. ಪುತ್ತೂರಿಗೆ ಹೋದದ್ದು ಒಳ್ಳೆಯದೇ ಆಯಿತು; ಹೆಂಡತಿ ಹೇಳಿದ್ದನ್ನು ಡಾಕ್ಟರು ಹೇಳದೆ ಒಪ್ಪುವ ಗಂಡಸು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಬೇಕು.

ಅಂದಿನಿಂದ ನಾನು ಒಂದು ಪುಸ್ತಕ ಇಟ್ಟಿದ್ದೇನೆ. ಎಡಬದಿಗೆ ಪಾತು ತಿಂದದ್ದು, ಬಲಬದಿಗೆ ಆದದ್ದು, ಆಗದ್ದು. ಮೊದಲ ಆರು ದಿನದಲ್ಲಿ ಬಲಬದಿಯಲ್ಲಿ ಎರಡೇ ಗೀಟು, ಎರಡೂ ಅಳುವಿನದು. ಏಳನೇ ದಿನ ಪಪ್ಪಾಯಿಯನ್ನು ಉಗುಳಿದಳು, ಬಾಳೆಹಣ್ಣು ಹಿಡಿಯಿತು. ಒಂಬತ್ತನೇ ದಿನ ಬಸಳೆಯನ್ನು ಗಂಜಿಯಲ್ಲಿ ಕಾಣದಂತೆ ಮಸೆದು ಕೊಟ್ಟದ್ದು, ಮೂರು ಬಟ್ಟಲು ನೀರು. ಹದಿಮೂರನೇ ದಿನ ಅಳು ಇಲ್ಲ, ಹೆದರಿಕೆ ಉಂಟು. ಹದಿನೆಂಟನೇ ದಿನ, ಮೊನ್ನೆ ಎಂಟನೇ ತಾರೀಕು, ಅವಳೇ ಬಂದು ಅಜ್ಜಿಯ ಬೆರಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ತೂಕ ಮುನ್ನೂರು ಗ್ರಾಮು ಇಳಿದಿದೆ. ಇಳಿದದ್ದು ಏನೆಂದು ನಾನು ತಮಗೆ ವಿವರಿಸಬೇಕಾಗಿಲ್ಲ.

ಹತ್ತನೇ ತಾರೀಕು ತಮ್ಮ ಆಜ್ಞೆ ಬಂತು. ನನಗಲ್ಲ, ಮಗುವಿನ ತಾಯಿಗಲ್ಲ; ಶಾಲೆಯ ಮುಖಾಂತರ ಕಲಂದರ್ ಮಾಸ್ತರನಿಗೆ. ‘ತಪ್ಪಿದಲ್ಲಿ ವಿವರಣೆ ಕೇಳಲಾಗುವುದು.’ ಎರಡು ವರ್ಷದ ಮಗು ಹಿತ್ತಿಲಿಗೆ ಹೋದರೆ ಅವಳ ಅಪ್ಪ ವಿವರಣೆ ಬರೆಯಬೇಕು! ಅಂದು ಸಂಜೆ ಅಳಿಯ ಡಬ್ಬವನ್ನು ಕಪಾಟಿನಿಂದ ಕೆಳಗಿಳಿಸಿ ಮೇಜಿನ ಮೇಲೆ ಇಟ್ಟ. ತೆರೆಯಲಿಲ್ಲ. ಸುಮ್ಮನೆ ಅದರ ಎದುರು ಕೂತ. ಜೈನಬ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದುಬಿಟ್ಟಳು. “ಉಪ್ಪ, ಅವರು ಕೊಡಿ ಅಂತ ಹೇಳುದಿಲ್ಲ, ಬೇಡ ಅಂತಲೂ ಹೇಳುದಿಲ್ಲ. ಆ ಡಬ್ಬ ನೋಡಿ ನೋಡಿ ನನಗೆ ಮರ್ಲು ಹಿಡಿತದೆ,” ಎಂದಳು. ಇಂದಿಗೂ ಮಗಳು ನಮ್ಮಲ್ಲಿ, ಅಳಿಯ ಅಲ್ಲಿ. ತಮ್ಮ ಯೋಜನೆಯಿಂದ ಈ ಊರಿನಲ್ಲಿ ಆದ ಅಭಿವೃದ್ಧಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಹನ್ನೆರಡನೇ ತಾರೀಕು ನಾನು ತಮ್ಮ ಎದುರು ನಿಂತೆ. ನಡೆದ ಮಾತನ್ನು ಹೆಚ್ಚಿಸದೆ ಇಳಿಸದೆ ಬರೆಯುತ್ತೇನೆ.

“ಏನ್ರೀ ಸಾಹುಕಾರ್ರೇ, ಮೊಮ್ಮಗಳು ಹೇಗಿದ್ದಾಳೆ? ಇನ್ನೂ ಏರಿದ್ದಾಳೋ?”

“ಮುನ್ನೂರು ಗ್ರಾಮು ಇಳಿದಿದ್ದಾಳೆ ಸರ್. ಈಗ ಸುಖ ಉಂಟು.”

“ಇಳಿದಿದ್ದಾಳಾ! ಜನವರಿಯೊಳಗೆ ಸರಿಮಾಡಿ. ಜಿಲ್ಲೆಯಲ್ಲಿ ನಮ್ಮ ಬ್ಲಾಕಿನ ಹೆಸರು ಉಳೀಬೇಕು.”

“ಅವಳಿಗೆ ಹೊಟ್ಟೆ ಕಟ್ಟಿತ್ತು ಸರ್. ಎಂಟು ದಿನ. ರಕ್ತ ಬಂದಿತ್ತು.”

“ಛೆ ಛೆ. ಇದು ಕಚೇರಿಯಲ್ಲಿ ಆಡೋ ಮಾತಲ್ಲ. ಮಕ್ಕಳು ಅಂದಮೇಲೆ ಇದೆಲ್ಲ ಇದ್ದದ್ದೇ.”

ಇದ್ದದ್ದೇ ಹೌದು. ಇದ್ದದ್ದು ಹೊರಗೆ ಬರಲಿ ಎಂಬುದಷ್ಟೇ ನಮ್ಮ ಅಹವಾಲು. ಮಗುವಿನ ಬಾಯಿಗೆ ಏನು ಹೋಗಬೇಕೆಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುವುದಕ್ಕೆ ತಮಗೆ ನಾಚಿಕೆಯಿಲ್ಲ; ಅದು ಎಲ್ಲಿಗೆ ಹೋಯಿತೆಂದು ಕೇಳುವುದಕ್ಕೆ ಮಾತ್ರ ನಾಚಿಕೆ. ಅರ್ಧ ದೇಹಕ್ಕೆ ಮಾತ್ರ ಅಧಿಕಾರಿಯಾಗುವುದು ಹೇಗೆ? ಕಾಲುವೆ ತೋಡಿಸುವಾಗ ನೀರು ಬರುವ ದಾರಿ ಒಂದನ್ನೇ ನೋಡಿ ಹೋಗುವ ದಾರಿಯನ್ನು ಬಿಟ್ಟರೆ ಓವರ್ಸಿಯರನನ್ನು ತಾವು ಸುಮ್ಮನೆ ಬಿಡುತ್ತೀರಾ?

ಇದು ನನ್ನ ಮನೆಯೊಂದರ ಕಥೆಯಾಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಕಳೆದ ವಾರ ಬಳ್ಳಿಯಲ್ಲಿ ಮೆಣಸು ಹೇಗುಂಟೆಂದು ನೋಡಲು ಕೊಲ್ಲಮೊಗ್ರಿಗೆ ಹೋಗಿದ್ದೆ. ಒಂದು ಮನೆಯ ಗೋಡೆಯಲ್ಲಿ ತಮ್ಮ ಪಟ್ಟಿಯ ಹೊಸ ಮುದ್ರಣ. ಮೇಲ್ಗಡೆ ಪಾತುವಿನ ಚಿತ್ರ, ಪದಕ ಸಮೇತ, ಅಳುತ್ತಿರುವ ಬಾಯಿಯನ್ನು ಚಿತ್ರದವನು ಹೇಗೋ ನಗುವಂತೆ ತಿದ್ದಿದ್ದಾನೆ. ಆ ಮನೆಯ ಸೀತು ತನ್ನ ಒಂದೂವರೆ ವರ್ಷದ ಮಗನಿಗೆ ಗಟ್ಟಿ ಹಾಲು ಕಲಸುತ್ತಿದ್ದಳು.

“ನಿಮ್ಮ ಮೊಮ್ಮಗಳ ಹಾಗೆ ಆಗ್ಲಿ ಅಂತ ಸಾವುಕಾರ್ರೆ,” ಎಂದು ನಕ್ಕಳು.

“ಮಗು ಹಿತ್ತಿಲಿಗೆ ಹೋಗಿ ಎಷ್ಟು ದಿನ ಆಯಿತು?” ಎಂದು ಕೇಳಿದೆ.

ಅವಳ ನಗು ನಿಂತಿತು. ಮೆಣಸಿನ ವ್ಯಾಪಾರಿ ಕೇಳುವ ಪ್ರಶ್ನೆಯೇ ಅದು? ಆದರೂ ಬೆರಳು ಮಡಚಿ ಎಣಿಸಿದಳು. “ಇವತ್ತಿಗೆ ನಾಲ್ಕು. ಅದು ನಿಮಗೆ ಹೇಗೆ ಗೊತ್ತಾಯ್ತು?”

ಹೇಗೆ ಗೊತ್ತಾಯಿತೆಂದು ನಾನು ಅವಳಿಗೆ ಹೇಳಿ ಬಂದೆ. ಅವಳು ಆ ಹಾಲನ್ನು ಎಮ್ಮೆಗೆ ಸುರಿದಳು. ಆದರೆ ಅದೇ ಪಟ್ಟಿ ಆಲೆಟ್ಟಿಯಲ್ಲಿ ಎಷ್ಟು ಗೋಡೆಯಲ್ಲಿದೆ, ಕಡಬದಲ್ಲಿ ಎಷ್ಟು ಗೋಡೆಯಲ್ಲಿದೆ? ಪ್ರತಿ ಗೋಡೆಗೂ ನಾನು ನಡೆದುಕೊಂಡು ಹೋಗಿ ಆ ಪ್ರಶ್ನೆ ಕೇಳಲು ನನ್ನ ಮೊಣಕಾಲು ಒಪ್ಪುವುದಿಲ್ಲ. ತಮ್ಮಲ್ಲಿ ಜೀಪು ಉಂಟು.

ಆದ್ದರಿಂದ ಕೇಳುತ್ತೇನೆ. ಕುಂಞಿಪಾತುಮ್ಮಳ ಹೆಸರನ್ನು ಜಿಲ್ಲಾ ಪ್ರದರ್ಶನದಿಂದ ಕೂಡಲೇ ಹೊಡೆದುಹಾಕಬೇಕು, ಹಾಕಿದ್ದನ್ನು ಅವಳ ತಂದೆಗೆ ಬರಹದಲ್ಲಿ ತಿಳಿಸಬೇಕು, ಅವನಿಂದ ಯಾವ ವಿವರಣೆಯನ್ನೂ ಕೇಳಬಾರದು. ಆ ಪಟ್ಟಿಯನ್ನು ಅಂಟಿಸಿದ ಕೈಗಳಿಂದಲೇ ಕೀಳಿಸಬೇಕು. ಹೊಸದನ್ನು ಬರೆಯಿಸುವುದಾದರೆ ಡಾಕ್ಟರೊಬ್ಬರನ್ನೂ ಮಕ್ಕಳನ್ನು ಸಾಕಿದ ಹೆಂಗಸೊಬ್ಬಳನ್ನೂ ಕೂರಿಸಿ ಬರೆಯಿಸಬೇಕು. ಹಾಲಿನ ಡಬ್ಬ ಉಳಿದರೆ ಊಟವೇ ಸಿಗದ ಮಕ್ಕಳಿಗೆ, ಚಮಚದ ಅಳತೆಯಲ್ಲಿ, ಗಂಜಿಯ ಜೊತೆ ಕೊಡಿ, ಬೇಡವೆನ್ನುವುದಿಲ್ಲ. ಇನ್ನು ಪತ್ರೋಸನ ಐದು ಅಂಕ. ಅದನ್ನು ಅವನಿಗೆ ಮರಳಿಸಿ. ಹುಡುಗನಿಗೆ ಅದರ ಪರಿವೆ ಇಲ್ಲ. ಆದರೆ ಕುಂಜಮ್ಮ ಅಂದು ಆ ಗುಡ್ಡದವರೆಗೆ ತಲೆ ತಗ್ಗಿಸಿಕೊಂಡು ನಡೆದಳು, ಸುಮ್ಮನೆ.

ತಾವು ಒಪ್ಪದಿದ್ದರೆ? ಒಪ್ಪದಿದ್ದರೂ ಇಪ್ಪತ್ತಾರರಂದು ಮಂಗಳೂರಿನ ಬಸ್ಸಿಗೆ ನಮ್ಮ ಮಗು ಹತ್ತುವುದಿಲ್ಲ.

ಈ ಪತ್ರವನ್ನು ಇಲ್ಲಿಗೆ ಮುಗಿಸಿ ಸಹಿ ಹಾಕಲು ಕೂತಿದ್ದೆ. ಅಷ್ಟರಲ್ಲಿ ಅಳಿಯ ಬಂದ. ಹೆಂಡತಿ ಮಗುವನ್ನು ಕರೆದುಕೊಂಡು ಹೋಗಲು ಬಂದನೆಂದು ತಿಳಿದೆ. ಚಾಪೆಯ ಮೇಲಿದ್ದ ಹಾಳೆಗಳನ್ನು ಎತ್ತಿಕೊಂಡು ನಿಂತಲ್ಲೇ ಓದಿದ. ಪಾತು ಅವನ ಪಂಚೆಯನ್ನು ಹಿಡಿದೆಳೆಯುತ್ತಿದ್ದಳು. ಓದಿ ಮುಗಿಸಿ ಕೈ ಚಾಚಿದ.

“ಪೆನ್ನು ಕೊಡಿ ಮಾವ.”

“ನಿನಗೆ ಬೇಡ. ನೀನು ನೌಕರಿಯಲ್ಲಿರುವವನು. ನನ್ನನ್ನು ಅವರು ಎಂತ ಮಾಡ್ತಾರೆ, ನನ್ನ ಮೆಣಸು ವರ್ಗ ಮಾಡ್ತಾರಾ?”

“ವರ್ಗ ಮಾಡಿದರೆ ಹೋಗುದು. ಅಲ್ಲಿಯೂ ಶಾಲೆ ಇರ್ತದೆ,” ಎಂದ ಆ ಸಾಧು ಮನುಷ್ಯ. “ಹೆಸರು ಕೊಟ್ಟವನು ನಾನು, ತೆಗೀಬೇಕಾದ್ದೂ ನಾನಲ್ಲವಾ?”

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದ. ಅಕ್ಷರ, ಅಚ್ಚಿನಲ್ಲಿ ತಮಗೆ ಕಾಣದು, ನನ್ನದಕ್ಕಿಂತ ಚೆನ್ನಾಗಿದೆ.

ಇಂತಿ, ಸುಮ್ಮನಿರಬೇಕಾದಾಗ ಚಪ್ಪಾಳೆ ತಟ್ಟಿ ಈಗ ತಡವಾಗಿ ಬಾಯಿ ತೆರೆದಿರುವ
ಆದಂ ಕುಂಞಿ
ಕರಿಮೆಣಸಿನ ವ್ಯಾಪಾರಿ, ಆಲಂಕಾರು
೧೮-೧೨-೧೯೬೧

ನನ್ನ ಮಗಳನ್ನು ಕಳುಹಿಸುವುದಿಲ್ಲ.
ಕಲಂದರ್, ಸಹಾಯಕ ಉಪಾಧ್ಯಾಯ, ಕುಂಞಿಪಾತುಮ್ಮಳ ತಂದೆ